ರಷ್ಯಾದ ಅರಮನೆ, ಕೆಥೆಡ್ರಲ್‌ಗಳನ್ನು ಮನೆಮಂದಿಯೊಂದಿಗೆ ನೋಡುವುದು ಹೇಗೆ? ದಿನಕ್ಕೊಂದೇ ಸಾಕು

ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದ ಕುಟುಂಬಗಳಿಗೆ ಮೂರನೇ ದಿನದ ಹೊತ್ತಿಗೆ ಒಂದು ಬಗೆಯ ದಣಿವು ಶುರುವಾಗುತ್ತದೆ. ಕಾಲಿಗಿಂತ ಕಣ್ಣು ಸೋತಿರುತ್ತದೆ. ಎತ್ತ ತಿರುಗಿದರೂ ಗಿಲೀಟು, ಕನ್ನಡಿ, ಅಮೃತಶಿಲೆ, ಚಾವಣಿ ತುಂಬ ಚಿತ್ರ. ಮಕ್ಕಳು ನೆಲದ ಮೇಲೇ ಕೂತುಬಿಡುತ್ತಾರೆ. ಅಜ್ಜಿ "ನೀವು ನೋಡ್ಕೊಂಡು ಬನ್ನಿ, ನಾನಿಲ್ಲೇ ಇರ್ತೀನಿ" ಅನ್ನುತ್ತಾರೆ. ಲಕ್ಷಗಟ್ಟಲೆ ಖರ್ಚು ಮಾಡಿ ಅಷ್ಟು ದೂರ ಹೋದ ಮೇಲೆ ಹೀಗಾಗಬಾರದು.

ಅದಕ್ಕೆ ನಾನು ಕೇಳಿದವರಿಗೆಲ್ಲ ಹೇಳುವುದು ಒಂದೇ: ದಿನಕ್ಕೆ ಒಂದೇ ದೊಡ್ಡ ಕಟ್ಟಡ. ಅದರೊಳಗೂ ಮನಸ್ಸಿಟ್ಟು ನೋಡುವುದು ನಾಲ್ಕೈದು ಕೋಣೆ ಮಾತ್ರ. ಮಿಕ್ಕ ಹೊತ್ತು ಉದ್ಯಾನ, ದೋಣಿ, ಊಟ, ಮಕ್ಕಳ ಓಡಾಟಕ್ಕೆ. ಒಳಗೆ ಕಾಲಿಡುವ ಮೊದಲು ಆ ಕಟ್ಟಡದ ಕಥೆ ಮನೆಮಂದಿಗೆಲ್ಲ ಗೊತ್ತಿರಲಿ. ಕೆಳಗಿನ ಯೋಜನೆಯೆಲ್ಲ ಇದರ ಸುತ್ತಲೇ ಇದೆ.

ಮೊದಲು: ಹೋಗಬಹುದೇ, ದುಡ್ಡು ಹೇಗೆ?

2022ರ ಫೆಬ್ರವರಿಯಿಂದ ರಷ್ಯಾ–ಉಕ್ರೇನ್ ಯುದ್ಧ ನಡೆದಿದೆ ಎಂಬುದನ್ನು ಮರೆತು ಯಾವ ಯೋಜನೆಯನ್ನೂ ಹಾಕಬೇಡಿ. ಡ್ರೋನ್ ಭೀತಿಯಿಂದ ವಿಮಾನ ನಿಲ್ದಾಣಗಳನ್ನು ಕೆಲವು ಗಂಟೆ ಮುಚ್ಚುವುದುಂಟು. ಮೊಬೈಲ್ ಇಂಟರ್‌ನೆಟ್ ಇದ್ದಕ್ಕಿದ್ದಂತೆ ನಿಲ್ಲುವುದೂ ಉಂಟು. ಟಿಕೆಟ್ ಮಾಡಿಸುವ ಮುನ್ನ ಮಾಸ್ಕೋದಲ್ಲಿರುವ ಭಾರತೀಯ ರಾಯಭಾರ ಕಚೇರಿ ಏನು ಸೂಚನೆ ಕೊಟ್ಟಿದೆ ನೋಡಿ. ಪ್ರವಾಸ ವಿಮೆಯ ಸಣ್ಣ ಅಕ್ಷರಗಳನ್ನು ಓದಿ, ಏಕೆಂದರೆ ಕೆಲವು ಪಾಲಿಸಿಗಳು ಯುದ್ಧದ ಕಾರಣಕ್ಕೆ ಆದ ನಷ್ಟವನ್ನು ಕಟ್ಟಿಕೊಡುವುದಿಲ್ಲ. ಒಂದು ವಿಮಾನ ಇಳಿದ ಎರಡೇ ಗಂಟೆಗೆ ಇನ್ನೊಂದು ಹಿಡಿಯುವಂತೆ ಟಿಕೆಟ್ ತೆಗೆಯಬೇಡಿ. ಮನೆಯಲ್ಲಿ ಹಿರಿಯರಿಗೆ ಹೃದಯದ ತೊಂದರೆಯೋ ಡಯಾಲಿಸಿಸ್ಸೋ ಇದ್ದರೆ ಈಗ ಹೋಗದಿರುವುದೇ ಮೇಲು. ಅರಮನೆಗಳು ಎಲ್ಲಿಗೂ ಹೋಗುವುದಿಲ್ಲ.

ಭಾರತೀಯರಿಗೆ 2023ರ ಆಗಸ್ಟ್‌ನಿಂದ ಇ-ವೀಸಾ ಸಿಗುತ್ತಿದೆ. ಶುಲ್ಕ ಮತ್ತು ಎಷ್ಟು ದಿನ ಇರಬಹುದು ಎಂಬ ನಿಯಮ ಬದಲಾಗುತ್ತಿರುವುದರಿಂದ ರಷ್ಯಾ ವಿದೇಶಾಂಗ ಇಲಾಖೆಯ ಜಾಲತಾಣದಲ್ಲೇ ನೋಡಿ, ಅಲ್ಲೇ ಅರ್ಜಿ ಹಾಕಿ. ಕೈಗೂಸಿಗೂ ಬೇರೆ ಅರ್ಜಿ ಬೇಕು. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಅಕ್ಷರಕ್ಕಕ್ಷರ ಹಾಗೆಯೇ ತುಂಬಿ. ನಮ್ಮಲ್ಲಿ ಇನಿಷಿಯಲ್, ಊರಿನ ಹೆಸರು, ತಂದೆಯ ಹೆಸರು ಎಲ್ಲ ಕಲಸಿಹೋಗಿರುವ ಪಾಸ್‌ಪೋರ್ಟುಗಳು ಬಹಳ. ಗಡಿಯಲ್ಲಿ ತಕರಾರು ಹುಟ್ಟುವುದು ಇಲ್ಲಿಯೇ.

ದುಡ್ಡಿನ ವಿಷಯಕ್ಕೆ ವಿಶೇಷ ಗಮನ ಬೇಕು. ಭಾರತದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಕಾರ್ಡುಗಳು 2022ರ ಮಾರ್ಚ್‌ನಿಂದ ಅಲ್ಲಿ ನಡೆಯುವುದಿಲ್ಲ. ಎಟಿಎಂನಲ್ಲೂ ಇಲ್ಲ, ಅಂಗಡಿಯಲ್ಲೂ ಇಲ್ಲ. ಇಡೀ ಪ್ರವಾಸದ ಖರ್ಚನ್ನು ಡಾಲರ್ ಅಥವಾ ಯೂರೋ ನೋಟುಗಳಲ್ಲೇ ಒಯ್ಯಬೇಕು. ಸಾಮಾನ್ಯವಾಗಿ ನೋಟಿನ ರೂಪದಲ್ಲಿ ಒಯ್ಯಲು ಇರುವ 3000 ಡಾಲರ್ ಮಿತಿಗೆ ರಷ್ಯಾಕ್ಕೆ ಹೋಗುವವರ ಮಟ್ಟಿಗೆ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಸಡಿಲಿಕೆ ಇದೆ. ನಿಮ್ಮ ಫಾರೆಕ್ಸ್ ಅಂಗಡಿಯವರನ್ನು ಇದರ ಬಗ್ಗೆ ಕೇಳಿ, ರಸೀದಿ ಇಟ್ಟುಕೊಳ್ಳಿ. ಮಡಿಕೆ, ಶಾಯಿ, ಹರಿದ ಅಂಚಿಲ್ಲದ ಹೊಸ ನೋಟುಗಳೇ ಇರಲಿ. ಹಳೆಯ ನೋಟನ್ನು ಅಲ್ಲಿನ ಬ್ಯಾಂಕಿನವರು ಹಿಂದಕ್ಕೆ ತಳ್ಳುತ್ತಾರೆ. ಹಣವನ್ನು ಮನೆಯ ದೊಡ್ಡವರು ಹಂಚಿಕೊಂಡು ಇಟ್ಟುಕೊಳ್ಳಿ, ಬ್ಯಾಂಕ್ ಶಾಖೆಯಲ್ಲೇ ರೂಬಲ್‌ಗೆ ಬದಲಿಸಿ. ಹೋಟೆಲ್ ಕಾದಿರಿಸುವಾಗ "ಬಂದ ಮೇಲೆ ನಗದು ಕೊಡುತ್ತೇವೆ" ಎಂದು ಬರಹದಲ್ಲೇ ಒಪ್ಪಿಸಿಕೊಳ್ಳಿ.

ಫೋನಿನಲ್ಲಿ ಆಫ್‌ಲೈನ್ ನಕ್ಷೆಯನ್ನೂ ರಷ್ಯನ್ ಭಾಷೆಯ ಆಫ್‌ಲೈನ್ ಅನುವಾದವನ್ನೂ ಇಳಿಸಿಕೊಂಡೇ ಹೊರಡಿ. ಹೋಟೆಲಿನ ವಿಳಾಸ ರಷ್ಯನ್ ಲಿಪಿಯಲ್ಲಿ ಮುದ್ರಿಸಿ ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ಚೀಟಿ ಇಡಿ, ಮಕ್ಕಳದ್ದರಲ್ಲೂ.

ಯಾವಾಗ ಹೋಗಬೇಕು

ನಮ್ಮ ಶಾಲೆಗಳ ರಜೆಗೆ ಹೊಂದುವುದು ಎರಡು ಕಾಲ. ಮೇ ತಿಂಗಳ ಎರಡನೇ ಅರ್ಧ ನನ್ನ ಮೊದಲ ಆಯ್ಕೆ. ಊರಾಚೆ ಸಮುದ್ರದಂಚಿನಲ್ಲಿರುವ ಪೀಟರ್‌ಹೋಫ್ ಅರಮನೆಯ ಕಾರಂಜಿಗಳು ಏಪ್ರಿಲ್ ಕೊನೆಗೇ ಶುರುವಾಗಿರುತ್ತವೆ. ಮರಗಳೆಲ್ಲ ಚಿಗುರಿರುತ್ತವೆ, ರಾತ್ರಿ ಹತ್ತಾದರೂ ಬೆಳಕಿರುತ್ತದೆ. ಪೂರ್ತಿ ಕತ್ತಲೇ ಆಗದ ಜೂನ್‌ನ 'ಬಿಳಿ ರಾತ್ರಿ'ಗಳ ನೂಕುನುಗ್ಗಲು ಇನ್ನೂ ಬಂದಿರುವುದಿಲ್ಲ. ದಸರಾ ರಜೆ ಅಕ್ಟೋಬರ್ ಮೊದಲ ವಾರಕ್ಕೆ ಬಿದ್ದರೆ ಅದೂ ಒಳ್ಳೆಯದೇ. ಉದ್ಯಾನಗಳ ಎಲೆಯೆಲ್ಲ ಹಳದಿಯಾಗಿರುತ್ತದೆ, ಕಾರಂಜಿಗಳು ತಿಂಗಳ ಮಧ್ಯದವರೆಗೆ ಇರುತ್ತವೆ. ಆದರೆ ಮಳೆ, ತಣ್ಣನೆಯ ಗಾಳಿ ಖಂಡಿತ. ಡಿಸೆಂಬರ್‌ನಲ್ಲಿ ಹಿಮ ನೋಡಬಹುದು. ಆದರೆ ಹಗಲು ಆರು ಗಂಟೆಯಷ್ಟೇ ಇರುವ ಊರಿನಲ್ಲಿ ಚಿಕ್ಕ ಮಕ್ಕಳನ್ನು ಕರೆದುಕೊಂಡು ತಿರುಗುವುದು ಕಷ್ಟ.

ಬಾಗಿಲು ಮುಚ್ಚುವ ವಾರ ನೋಡಿ ದಿನಚರಿ ಹಾಕಿ

ರಷ್ಯಾದಲ್ಲಿ ಒಂದೊಂದು ಅರಮನೆಗೆ ಒಂದೊಂದು ದಿನ ರಜೆ. ಚಳಿಗಾಲದ ಅರಮನೆಯಲ್ಲಿರುವ ಹರ್ಮಿಟೇಜ್ ಸಂಗ್ರಹಾಲಯ ಸೋಮವಾರ ಇಲ್ಲ. ಪೀಟರ್‌ಹೋಫ್‌ನ ದೊಡ್ಡ ಅರಮನೆಯೂ ಸೋಮವಾರ ಇಲ್ಲ, ತಿಂಗಳ ಕೊನೆಯ ಮಂಗಳವಾರವೂ ಇಲ್ಲ, ಆದರೆ ಅಲ್ಲಿನ ಉದ್ಯಾನ ಎಲ್ಲ ದಿನ ತೆರೆದಿರುತ್ತದೆ. ಊರಾಚೆಯ ತ್ಸಾರ್‌ಸ್ಕೊಯೆ ಸೆಲೊದ ಕ್ಯಾಥರೀನ್ ಅರಮನೆಗೆ ಮಂಗಳವಾರ ರಜೆ, ತಿಂಗಳ ಕೊನೆಯ ಸೋಮವಾರವೂ ರಜೆ. ರಷ್ಯನ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ. ಸೇಂಟ್ ಐಸಾಕ್ ಕೆಥೆಡ್ರಲ್, ರಕ್ತದ ಮೇಲಿನ ರಕ್ಷಕನ ಚರ್ಚು ಎರಡಕ್ಕೂ ಸಾಮಾನ್ಯವಾಗಿ ಬುಧವಾರ ರಜೆ. ಮಾಸ್ಕೋದ ಕ್ರೆಮ್ಲಿನ್‌ಗೆ ಗುರುವಾರ. ಹಬ್ಬ, ಸರ್ಕಾರಿ ಸಮಾರಂಭಗಳಿಗೆ ಇದು ಏರುಪೇರಾಗುವುದರಿಂದ ಹೋಗುವ ಹಿಂದಿನ ವಾರ ಅಧಿಕೃತ ಜಾಲತಾಣಗಳಲ್ಲಿ ಮತ್ತೊಮ್ಮೆ ನೋಡಿ.

ಇದನ್ನು ಒಂದು ಹಾಳೆಯಲ್ಲಿ ಬರೆದರೆ ದಿನಚರಿ ತಾನಾಗಿ ಮೂಡುತ್ತದೆ. ಭಾನುವಾರ ಇಳಿದಿರಿ ಎನ್ನಿ. ಸೋಮವಾರ ಊರು ಸುತ್ತಾಟ, ಕಜಾನ್ ಕೆಥೆಡ್ರಲ್, ರಕ್ಷಕನ ಚರ್ಚು. ಮಂಗಳವಾರ ಹರ್ಮಿಟೇಜ್. ಬುಧವಾರ ಪೀಟರ್‌ಹೋಫ್. ಗುರುವಾರ ಏನೂ ಇಲ್ಲ: ತಡವಾಗಿ ಎದ್ದು, ಮನಸ್ಸಾದರೆ ರಷ್ಯನ್ ಮ್ಯೂಸಿಯಂ. ಶುಕ್ರವಾರ ತ್ಸಾರ್‌ಸ್ಕೊಯೆ ಸೆಲೊ. ಶನಿವಾರ ಐಸಾಕ್, ಸಂಜೆ ಯಾವುದಾದರೂ ಚರ್ಚಿನ ಪ್ರಾರ್ಥನೆ. ಭಾನುವಾರ ಸಪ್ಸಾನ್ ರೈಲಿನಲ್ಲಿ ನಾಲ್ಕು ಗಂಟೆಯಲ್ಲಿ ಮಾಸ್ಕೋ. ನಡುವಿನ ಆ ಖಾಲಿ ಗುರುವಾರವನ್ನು ಯಾವ ಕಾರಣಕ್ಕೂ ತುಂಬಿಸಬೇಡಿ.

ಟಿಕೆಟ್‌ಗಳಿಗೆ ದಿನಾಂಕವೂ ಒಳಗೆ ಬಿಡುವ ಸಮಯವೂ ನಿಗದಿಯಾಗಿರುತ್ತದೆ. ನಮ್ಮ ಕಾರ್ಡಿನಿಂದ ಆನ್‌ಲೈನ್ ಕೊಳ್ಳುವುದು ಕಷ್ಟವಾದ್ದರಿಂದ ಹೋಟೆಲ್‌ನವರಿಗೋ ಅಲ್ಲಿನ ಟ್ರಾವೆಲ್ ಏಜೆಂಟ್‌ಗೋ ಮೊದಲೇ ಹೇಳಿ ಕೊಡಿಸಿ, ನಗದು ಕೊಡಿ. ಮುಖ್ಯವಾಗಿ ಕ್ಯಾಥರೀನ್ ಅರಮನೆಗೆ ಇದನ್ನು ಮಾಡಲೇಬೇಕು. ಬೇಸಿಗೆಯಲ್ಲಿ ಅಲ್ಲಿನ ಕ್ಯೂ ಅಂಗಳ ದಾಟಿ ಹೋಗುತ್ತದೆ. ಮಕ್ಕಳಿಗೆ ರಿಯಾಯಿತಿ ಅಥವಾ ಉಚಿತ ಪ್ರವೇಶ ಇರುವುದರಿಂದ ಅವರ ಪಾಸ್‌ಪೋರ್ಟ್ ಜೊತೆಗಿರಲಿ.

ಹರ್ಮಿಟೇಜ್: ಸಾವಿರ ಕೋಣೆಯಲ್ಲಿ ನಿಮ್ಮ ಐದು

ನೆವಾ ನದಿಯ ದಂಡೆಯ ಹಸಿರು-ಬಿಳಿ ಚಳಿಗಾಲದ ಅರಮನೆಯನ್ನು ಎಲಿಜಬೆತ್ ರಾಣಿಗಾಗಿ 1754ರಿಂದ 1762ರವರೆಗೆ ಕಟ್ಟಿದವರು ವಾಸ್ತುಶಿಲ್ಪಿ ಬಾರ್ತೊಲೊಮಿಯೊ ರಾಸ್ಟ್ರೆಲ್ಲಿ. ಈ ಹೆಸರನ್ನು ಮಕ್ಕಳಿಗೆ ಕಲಿಸಿಟ್ಟಿರಿ. ಪೀಟರ್‌ಹೋಫ್‌ನಲ್ಲೂ ತ್ಸಾರ್‌ಸ್ಕೊಯೆ ಸೆಲೊದಲ್ಲೂ ಅವರದೇ ಕೈ ಕಾಣುತ್ತದೆ, "ಇದೂ ಅವರದೇನಾ?" ಎಂದು ಮಕ್ಕಳೇ ಕೇಳುತ್ತಾರೆ. ಕ್ಯಾಥರೀನ್ ಮಹಾರಾಣಿ 1764ರಲ್ಲಿ ಬರ್ಲಿನ್‌ನ ವ್ಯಾಪಾರಿಯೊಬ್ಬನ ಚಿತ್ರಗಳನ್ನು ಕೊಂಡಲ್ಲಿಂದ ಸಂಗ್ರಹಾಲಯ ಶುರು. ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 1852ರಲ್ಲಿ.

ಕೋಟು, ದೊಡ್ಡ ಚೀಲಗಳನ್ನು ಕೆಳಗಿನ ಕ್ಲೋಕ್‌ರೂಮಿನಲ್ಲಿ ಬಿಟ್ಟು, ಮೊದಲೇ ಶೌಚಾಲಯಕ್ಕೆ ಹೋಗಿ ಮೇಲೆ ಹತ್ತಿ. ಆಮೇಲೆ ಸಿಗುವುದು ಬಹಳ ದೂರ. ನನ್ನ ಐದು ಇವು.

ಜೋರ್ಡಾನ್ ಮೆಟ್ಟಿಲು. ಕ್ರಿಸ್ತನ ಜ್ಞಾನಸ್ನಾನದ ಹಬ್ಬದಂದು ಚಕ್ರವರ್ತಿ ಇದೇ ಮೆಟ್ಟಿಲಿಳಿದು ನೆವಾ ನದಿಯ ನೀರನ್ನು ಪವಿತ್ರಗೊಳಿಸುವ ವಿಧಿಗೆ ಹೋಗುತ್ತಿದ್ದ. ಅರ್ಧಕ್ಕೆ ನಿಂತು ಹಿಂದಿರುಗಿ ನೋಡಿ, ನಿಧಾನವಾಗಿ.

ಪೆವಿಲಿಯನ್ ಹಾಲ್‌ನ ನವಿಲಿನ ಗಡಿಯಾರ. ಮಕ್ಕಳನ್ನು ಅರ್ಧ ಗಂಟೆ ಹಿಡಿದಿಡುವ ವಸ್ತು ಇಡೀ ಅರಮನೆಯಲ್ಲಿ ಇದೊಂದು. ಲಂಡನ್ನಿನ ಜೇಮ್ಸ್ ಕಾಕ್ಸ್ ಮಾಡಿಸಿದ್ದನ್ನು ಕ್ಯಾಥರೀನ್‌ಳ ಆಪ್ತ ಸರದಾರ ಪೊಟೆಮ್ಕಿನ್ ಅವಳಿಗಾಗಿ ತರಿಸಿದ. ಬಂಗಾರದ ಬಣ್ಣದ ಓಕ್ ಮರ, ಅದರ ಮೇಲೆ ನವಿಲು, ಪಕ್ಕದಲ್ಲಿ ಕೋಳಿ, ಪಂಜರದೊಳಗೆ ಗೂಬೆ. ಕೀಲಿ ಕೊಟ್ಟರೆ ಗೂಬೆ ತಲೆಯಾಡಿಸುತ್ತದೆ, ನವಿಲು ಗರಿ ಬಿಚ್ಚಿ ತಿರುಗುತ್ತದೆ, ಕೊನೆಗೆ ಕೋಳಿ ಕೂಗುತ್ತದೆ. ಗಡಿಯಾರದ ಮುಖ ಎಲ್ಲಿದೆ ಎಂದು ಮಕ್ಕಳನ್ನೇ ಹುಡುಕಲು ಬಿಡಿ. ಬುಡದಲ್ಲಿರುವ ಅಣಬೆಯ ಟೋಪಿಯಲ್ಲಿ ಒಂದು ಚಿಕ್ಕ ಕಿಂಡಿ, ಅದರಲ್ಲಿ ಅಂಕಿ. ಅಣಬೆಯ ಮೇಲೆ ಕೂತ ಏರೋಪ್ಲೇನ್ ಚಿಟ್ಟೆ ಸೆಕೆಂಡುಗಳನ್ನು ಎಣಿಸುತ್ತದೆ. ಕೀಲಿ ಕೊಡುವುದು ವಾರಕ್ಕೊಮ್ಮೆ ಮಾತ್ರ. ಬೇರೆ ದಿನ ಪಕ್ಕದ ಪರದೆಯಲ್ಲಿ ವಿಡಿಯೊ ಓಡುತ್ತಿರುತ್ತದೆ, ಅದನ್ನು ನೋಡಿ ಮತ್ತೆ ಗಡಿಯಾರದ ಮುಂದೆ ನಿಲ್ಲಿ.

ಕೊಲಿವಾನ್ ಹೂದಾನಿ ಕೆಳ ಅಂತಸ್ತಿನಲ್ಲಿದೆ. ಜ್ಯಾಸ್ಪರ್ ಕಲ್ಲಿನದು, 19 ಟನ್ ತೂಕ. ಇದನ್ನು ಮೊದಲು ತಂದಿಟ್ಟು ಆಮೇಲೆ ಸುತ್ತಲಿನ ಗೋಡೆ ಮುಗಿಸಿದರು. ಈಗ ಯಾವ ಬಾಗಿಲಿನಿಂದಲೂ ಹೊರಗೆ ತರಲಾಗದು.

ಲಿಯೊನಾರ್ಡೊ ಡ ವಿಂಚಿಯ ಎರಡು ಮಡೋನಾಗಳು, ರೆಂಬ್ರಾಂಟ್‌ನ 'ಮನೆಗೆ ಮರಳಿದ ಮಗ'. ಎರಡನೆಯದರ ಮುಂದೆ ಅಜ್ಜ-ಅಜ್ಜಿಯರನ್ನು ಕೂರಿಸಿ. ಹರಿದ ಚಪ್ಪಲಿಯ ಮಗ ಮಂಡಿಯೂರಿದ್ದಾನೆ, ಮುದುಕ ತಂದೆಯ ಎರಡೂ ಕೈ ಅವನ ಬೆನ್ನ ಮೇಲಿವೆ. ಕಥೆ ಗೊತ್ತಿಲ್ಲದವರಿಗೂ ಅದು ತಾಕುತ್ತದೆ.

ಐದನೆಯದು ನಿಮ್ಮ ಮನೆಯವರ ಇಷ್ಟದ್ದು. ಮಕ್ಕಳಾದರೆ ಈಜಿಪ್ಟಿನ ಕೋಣೆಯ ಮಮ್ಮಿ ಕೇಳುತ್ತಾರೆ, ದೊಡ್ಡವರಾದರೆ ಮ್ಯಾಲಕೈಟ್ ಎಂಬ ಹಸಿರು ಕಲ್ಲಿನ ಕೋಣೆ. ಅರಮನೆಯ ನೆಲಮಾಳಿಗೆಯಲ್ಲಿ ಇಲಿ ಕಾಯಲು ಬೆಕ್ಕುಗಳಿವೆ, 1745ರಲ್ಲಿ ಎಲಿಜಬೆತ್ ರಾಣಿ ಆಜ್ಞೆ ಹೊರಡಿಸಿ ಬೆಕ್ಕು ತರಿಸಿದ್ದಳು ಎಂದು ಹೇಳಿದರೆ ದಣಿದ ಮಗುವೂ ಇನ್ನೊಂದು ಕೋಣೆ ನಡೆಯುತ್ತದೆ.

ಮೂರು ಗಂಟೆಗಿಂತ ಹೆಚ್ಚು ಒಳಗಿರಬೇಡಿ. ಮಾತಿಸ್‌ನ 'ನೃತ್ಯ' ಮತ್ತು ಇಂಪ್ರೆಷನಿಸ್ಟ್ ಚಿತ್ರಗಳು ಚೌಕದ ಆಚೆ ಜನರಲ್ ಸ್ಟಾಫ್ ಕಟ್ಟಡದಲ್ಲಿವೆ. ಚಿತ್ರಕಲೆಯ ಹುಚ್ಚಿದ್ದವರು ಬೇರೆ ದಿನ ಒಬ್ಬರೇ ಹೋಗಿಬರಲಿ.

ಪೀಟರ್‌ಹೋಫ್: ಅರಮನೆಗಿಂತ ನೀರು

ಪೀಟರ್‌ಹೋಫ್‌ಗೆ ದೋಣಿಯಲ್ಲಿ ಹೋಗಿ, ಬಸ್ಸು-ಮೆಟ್ರೊದಲ್ಲಿ ಬನ್ನಿ. ಹರ್ಮಿಟೇಜ್ ಮುಂದಿನ ದಂಡೆಯಿಂದಲೇ 'ಮಿಟಿಯೋರ್' ಎಂಬ ವೇಗದ ದೋಣಿಗಳು ಹೊರಡುತ್ತವೆ, ಮುಕ್ಕಾಲು ಗಂಟೆಯೊಳಗೆ ತಲುಪಿಸುತ್ತವೆ. ಗಾಳಿ ಜೋರಿದ್ದರೆ ಬಿಡುವುದಿಲ್ಲ. ಉದ್ಯಾನದ ಟಿಕೆಟ್ ಬೇರೆ, ದೊಡ್ಡ ಅರಮನೆಯ ಟಿಕೆಟ್ ಬೇರೆ.

ಬೆಳಗಿನ 11ಕ್ಕೆ ಮುಂಚೆ ದೊಡ್ಡ ಜಲಪಾತದ ಮುಂದೆ ಜಾಗ ಹಿಡಿಯಿರಿ. ಸಂಗೀತದೊಂದಿಗೆ ಕಾರಂಜಿಗಳು ಒಂದೊಂದಾಗಿ ಏಳುತ್ತವೆ. ನಡುವೆ ಸಿಂಹದ ಬಾಯಿ ಸೀಳುತ್ತಿರುವ ಸ್ಯಾಮ್ಸನ್, ಆ ಬಾಯಿಂದ ಸುಮಾರು 20 ಮೀಟರ್ ಮೇಲಕ್ಕೆ ಚಿಮ್ಮುವ ನೀರು. 1709ರಲ್ಲಿ ಪೊಲ್ತಾವದಲ್ಲಿ ಸ್ವೀಡನ್ ಸೈನ್ಯವನ್ನು ಸೋಲಿಸಿದ್ದರ ನೆನಪಿಗೆ ಇದು. ಸಿಂಹವೆಂದರೆ ಸ್ವೀಡನ್. ನಿಜವಾದ ಅಚ್ಚರಿ ಇಷ್ಟು ಕಾರಂಜಿಗೆ ಒಂದೂ ಪಂಪ್ ಇಲ್ಲದಿರುವುದು. ಇಪ್ಪತ್ತು ಕಿಲೋಮೀಟರಿಗೂ ದೂರದ ರೋಪ್ಶಾ ಎತ್ತರದ ಊಟೆಗಳಿಂದ ಕಾಲುವೆಯಲ್ಲಿ ಹರಿದು ಬಂದ ನೀರು, ಮೇಲಿನ ಕೊಳಗಳಿಂದ ಕೊಳವೆಗಳಲ್ಲಿ ಇಳಿದು ತನ್ನ ಒತ್ತಡದಿಂದಲೇ ಚಿಮ್ಮುತ್ತದೆ. 1721ರಲ್ಲಿ ಈ ವ್ಯವಸ್ಥೆ ಮಾಡಿದವನು ವಾಸಿಲಿ ತುವೋಲ್ಕೊವ್ ಎಂಬ ಎಂಜಿನಿಯರ್. ಹೈಸ್ಕೂಲ್ ಓದುವ ಮಕ್ಕಳಿದ್ದರೆ ಭೌತಶಾಸ್ತ್ರದ ಪಾಠವನ್ನು ಅಲ್ಲೇ ಮಾಡಿಬಿಡಿ.

ಆಮೇಲೆ ಮರಗಳ ನಡುವೆ ತುಂಟ ಕಾರಂಜಿಗಳನ್ನು ಹುಡುಕಿ. ಕೊಡೆಯ ಕೆಳಗೆ ನಿಂತರೆ ಸುತ್ತಲೂ ನೀರಿನ ಪರದೆ ಬೀಳುತ್ತದೆ. ಬೆಂಚಿನ ಮುಂದಿನ ಕಲ್ಲುಗಳ ಮೇಲೆ ಕಾಲಿಟ್ಟರೆ ನೀರು ಮೈಮೇಲೆ ಚಿಮ್ಮುತ್ತದೆ. ಮಕ್ಕಳಿಗೆ ಒಂದು ಜೊತೆ ಬಟ್ಟೆ, ಟವೆಲ್ ಒಯ್ಯಲೇಬೇಕು. ಸಮುದ್ರದಂಚಿನ ಮೊನ್‌ಪ್ಲೇಸಿರ್ ಎಂಬ ಚಿಕ್ಕ ಇಟ್ಟಿಗೆ ಮನೆ, ಸೇಂಟ್ ಪೀಟರ್ಸ್‌ಬರ್ಗ್ ಕಟ್ಟಿಸಿದ ಪೀಟರ್ ದೊರೆಗೆ ಪ್ರಿಯವಾಗಿತ್ತು. ದೊಡ್ಡ ಅರಮನೆಯ ಗಿಲೀಟಿಗಿಂತ ನನಗೂ ಅದೇ ಹೆಚ್ಚು ಹಿಡಿಸುತ್ತದೆ. ಕಾಲಾವಕಾಶ ಕಡಿಮೆಯಿದ್ದರೆ ದೊಡ್ಡ ಅರಮನೆಯ ಒಳಭಾಗವನ್ನು ಬಿಟ್ಟುಬಿಡಿ. ಅದೇ ಬಗೆಯದನ್ನು ಶುಕ್ರವಾರ ಇನ್ನೂ ಚೆನ್ನಾಗಿ ನೋಡುತ್ತೀರಿ.

ಹಿಂದಿರುಗುವಾಗ ಬಸ್ಸಿನಲ್ಲಿ ಅವ್ತೊವೊ ಮೆಟ್ರೊ ನಿಲ್ದಾಣಕ್ಕೆ ಬನ್ನಿ. 1955ರಲ್ಲಿ ತೆರೆದ ಆ ನಿಲ್ದಾಣದ ಕೆಲವು ಕಂಬಗಳಿಗೆ ಗಾಜಿನ ಹೊದಿಕೆ. ಕೆಲವು ರೂಬಲ್‌ಗೆ ಇನ್ನೊಂದು ಅರಮನೆ ಸಿಕ್ಕ ಹಾಗೆ.

ತ್ಸಾರ್‌ಸ್ಕೊಯೆ ಸೆಲೊ: ಸುಟ್ಟು ಮತ್ತೆ ಎದ್ದ ಅರಮನೆ

ವಿತೆಬ್‌ಸ್ಕಿ ನಿಲ್ದಾಣದಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ. ರಷ್ಯಾದ ಮೊದಲ ರೈಲು 1837ರಲ್ಲಿ ಓಡಿದ್ದು ಇದೇ ದಾರಿಯಲ್ಲಿ. ಇಳಿದ ಮೇಲೆ ಸಿಟಿ ಬಸ್ಸು ಅಥವಾ ಟ್ಯಾಕ್ಸಿ.

ನೀಲಿ ಗೋಡೆ, ಬಿಳಿ ಕಂಬ, ಗಿಲೀಟಿನ ಗುಮ್ಮಟಗಳ ಈ ಅರಮನೆಗೂ ಈಗಿನ ರೂಪ ಕೊಟ್ಟವರು ರಾಸ್ಟ್ರೆಲ್ಲಿ, 1750ರ ದಶಕದಲ್ಲಿ. ಬಾಗಿಲಲ್ಲಿ ಬೂಟಿನ ಮೇಲೆ ಹಾಕಿಕೊಳ್ಳಲು ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ಕೆಳಗಿರುವುದು ಹಲವು ಜಾತಿಯ ಮರ ಜೋಡಿಸಿದ ನೆಲ, ಮಕ್ಕಳಿಗೆ ಜಾರಾಡದಂತೆ ಹೇಳಿ. ಒಂದೇ ದಿಕ್ಕಿನಲ್ಲಿ ಸಾಲಾಗಿ ನಡೆಸುತ್ತಾರೆ, ಹಿಂದಕ್ಕೆ ಬರಲು ಬಿಡುವುದಿಲ್ಲ. ಹಾಗಾಗಿ ಬೇಕಾದ ಕೋಣೆಯಲ್ಲಿ ಪಕ್ಕಕ್ಕೆ ಸರಿದು ನಿಲ್ಲುವುದನ್ನು ರೂಢಿಸಿಕೊಳ್ಳಬೇಕು.

ನಿಲ್ಲಬೇಕಾದ ಕೋಣೆ ಅಂಬರ್ ಕೋಣೆ. ಅಂಬರ್ ಎಂದರೆ ಕಲ್ಲಿನಂತೆ ಗಟ್ಟಿಯಾದ ಪುರಾತನ ಮರದ ಅಂಟು. ಪ್ರಷ್ಯಾದ ದೊರೆ 1716ರಲ್ಲಿ ಪೀಟರ್‌ಗೆ ಉಡುಗೊರೆ ಕೊಟ್ಟ ಅಂಬರ್ ಫಲಕಗಳು ಕೊನೆಗೆ ಇಲ್ಲಿ ನೆಲೆಸಿದ್ದವು. 1941ರಲ್ಲಿ ನಾಜಿ ಸೈನ್ಯ ಅವನ್ನು ಕಳಚಿ ಕ್ಯೋನಿಗ್ಸ್‌ಬರ್ಗ್‌ಗೆ ಸಾಗಿಸಿತು. ಯುದ್ಧದ ಕೊನೆಗೆ ಅವು ಕಾಣೆಯಾದವು, ಇಂದಿಗೂ ಸಿಕ್ಕಿಲ್ಲ. 1979ರಲ್ಲಿ ಕುಶಲಕರ್ಮಿಗಳು ಹಳೆಯ ಕಪ್ಪು-ಬಿಳುಪು ಫೋಟೊಗಳನ್ನು ಮುಂದಿಟ್ಟುಕೊಂಡು ಮತ್ತೆ ಮಾಡತೊಡಗಿ, 2003ರಲ್ಲಿ ಮುಗಿಸಿದರು. ಹತ್ತಿರ ಹೋಗಿ ನೋಡಿ: ಜೇನಿನ ಬಣ್ಣದ ತುಂಡು, ಹಾಲು ಬೆರೆಸಿದಂಥ ಹಳದಿಯದು, ಸುಟ್ಟ ಸಕ್ಕರೆಯ ಕಂದು, ಒಂದರ ಪಕ್ಕ ಒಂದು, ನಡುವೆ ಕೂದಲೆಳೆಯಷ್ಟೇ ಗೆರೆ. ಬೆಳಕು ಕಲ್ಲಿನ ಮೇಲೆ ಬಿದ್ದು ವಾಪಸಾಗುವುದಿಲ್ಲ, ಒಳಕ್ಕೆ ಇಳಿಯುತ್ತದೆ. ಕಳೆದುಹೋದ ಮೂಲ ಕೋಣೆಯ ಒಂದು ಕಲ್ಲಿನ ಮೊಸಾಯಿಕ್ ಮಾತ್ರ 1997ರಲ್ಲಿ ಜರ್ಮನಿಯಲ್ಲಿ ಸಿಕ್ಕಿ 2000ದಲ್ಲಿ ಮರಳಿತು. ಫೋಟೊ ತೆಗೆಯಬೇಡಿ ಎಂದು ಫಲಕವಿದ್ದರೆ ತೆಗೆಯಬೇಡಿ.

1944ರಲ್ಲಿ ಜರ್ಮನ್ನರು ಹಿಂದೆ ಸರಿದಾಗ ಇಲ್ಲಿ ಉಳಿದಿದ್ದು ಚಾವಣಿಯಿಲ್ಲದ ಗೋಡೆಗಳು. ಆ ಅವಶೇಷಗಳ ಫೋಟೊಗಳನ್ನು ಒಳಗೆ ಅಲ್ಲಲ್ಲಿ ಇಟ್ಟಿದ್ದಾರೆ. ಜನ ಅವನ್ನು ದಾಟಿ ಹೋಗುತ್ತಾರೆ, ನೀವು ನಿಂತು ಮಕ್ಕಳಿಗೆ ತೋರಿಸಿ. ಪೀಟರ್‌ಹೋಫ್‌ದೂ ಇದೇ ಕಥೆ. ಮೂಲ ಸ್ಯಾಮ್ಸನ್ ಯುದ್ಧದಲ್ಲಿ ಕಳವಾಯಿತು, ಇಂದಿನದು 1947ರದ್ದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ 872 ದಿನಗಳ ಮುತ್ತಿಗೆಯಲ್ಲಿ ಹಸಿದು ಸತ್ತ ಈ ಊರು, ಯುದ್ಧ ಮುಗಿದ ಕೂಡಲೇ ರಾಜರ ಅರಮನೆಗಳನ್ನು ಏಕೆ ಮತ್ತೆ ಕಟ್ಟಿತು ಎಂಬ ಪ್ರಶ್ನೆಯನ್ನು ಮನೆಮಂದಿಯ ಮುಂದಿಡಿ. ನನಗೆ ಈ ಗಿಲೀಟಿನಲ್ಲಿ ರಾಜರ ವೈಭವಕ್ಕಿಂತ ಆ ಬಡಗಿಗಳು, ಕಲ್ಲುಕೆಲಸದವರು, ಚಿನ್ನದ ಹಾಳೆ ಅಂಟಿಸಿದವರೇ ಹೆಚ್ಚು ಕಾಣುತ್ತಾರೆ.

ಕೆಥೆಡ್ರಲ್‌ಗಳಲ್ಲಿ ನಡೆದುಕೊಳ್ಳುವುದು

ಆರ್ಥೊಡಾಕ್ಸ್ ಚರ್ಚಿನೊಳಗೆ ಬೆಂಚುಗಳಿಲ್ಲ, ಎಲ್ಲರೂ ನಿಂತೇ ಪ್ರಾರ್ಥಿಸುತ್ತಾರೆ. ವಾದ್ಯಗಳಿಲ್ಲ, ಕಂಠದ ಹಾಡಷ್ಟೇ. ಎದುರಿಗೆ ಸಂತರ ಚಿತ್ರಗಳಿಂದ ತುಂಬಿದ ಎತ್ತರದ ಗೋಡೆ, ಅದರ ನಡುವೆ ಬಾಗಿಲು. ಆ ಬಾಗಿಲಾಚೆಗಿನದು ನಮ್ಮ ಗರ್ಭಗುಡಿಯಂತೆ, ಪಾದ್ರಿಗಳಿಗೆ ಮಾತ್ರ. ಹೆಂಗಸರು ತಲೆಯ ಮೇಲೆ ದುಪಟ್ಟಾ ಅಥವಾ ಸೆರಗು ಹೊದ್ದುಕೊಳ್ಳಬೇಕು, ಗಂಡಸರು ಟೋಪಿ ತೆಗೆಯಬೇಕು. ಚಡ್ಡಿ ಬೇಡ. ಪ್ರಾರ್ಥಿಸುತ್ತಿರುವವರ ಮುಂದೆ ಹಾದುಹೋಗಬೇಡಿ, ಅವರ ಮುಖದ ಫೋಟೊ ಬೇಡ. ಮೇಣದಬತ್ತಿ ಕೊಂಡು ಹಚ್ಚಲು ಯಾರಿಗೂ ಅಡ್ಡಿಯಿಲ್ಲ.

ನೆವ್‌ಸ್ಕಿ ರಸ್ತೆಯ ಕಜಾನ್ ಕೆಥೆಡ್ರಲ್‌ನಲ್ಲಿ ಪೂಜೆ ನಡೆಯುತ್ತದೆ, ಪ್ರವೇಶಕ್ಕೆ ದುಡ್ಡಿಲ್ಲ. 96 ಕಂಬಗಳ ಅರ್ಧಚಂದ್ರದ ಸಾಲು ಹೊರಗೆ, ನೆಪೋಲಿಯನ್ ವಿರುದ್ಧ ಹೋರಾಡಿದ ಕುತುಜೊವ್ ಸಮಾಧಿ ಒಳಗೆ. ಸೋವಿಯತ್ ಕಾಲದಲ್ಲಿ ಇದೇ ಕಟ್ಟಡದಲ್ಲಿ ಧರ್ಮ ಮತ್ತು ನಾಸ್ತಿಕತೆಯ ಇತಿಹಾಸದ ಮ್ಯೂಸಿಯಂ ಇತ್ತು.

ಅಲ್ಲಿಂದ ಕಾಲುವೆಯ ದಂಡೆಯಲ್ಲಿ ಹತ್ತು ನಿಮಿಷ ನಡೆದರೆ ಬಣ್ಣಬಣ್ಣದ ಈರುಳ್ಳಿ ಗುಮ್ಮಟಗಳ ರಕ್ಷಕನ ಚರ್ಚು. ಜೀತದಾಳುಗಳನ್ನು 1861ರಲ್ಲಿ ಬಿಡುಗಡೆ ಮಾಡಿದ ಎರಡನೇ ಅಲೆಕ್ಸಾಂಡರ್ ಮೇಲೆ 1881ರ ಮಾರ್ಚ್ 1ರಂದು ಬಾಂಬ್ ಬಿದ್ದ ಜಾಗದಲ್ಲೇ ಇದನ್ನು ಕಟ್ಟಿದರು, 1907ರಲ್ಲಿ ಮುಗಿಯಿತು. ಒಳಗೆ ಏಳು ಸಾವಿರ ಚದರ ಮೀಟರಿಗೂ ಹೆಚ್ಚು ಮೊಸಾಯಿಕ್. ಎಲ್ಲರೂ ಕತ್ತೆತ್ತಿ ಗುಮ್ಮಟ ನೋಡುತ್ತಾರೆ, ನೀವು ಕಲ್ಲಿನ ಮಂಟಪದ ಕೆಳಗೆ ಬಗ್ಗಿ ನೋಡಿ. ಅಂದಿನ ರಸ್ತೆಯ ಒರಟು ಕಲ್ಲುಗಳನ್ನೂ ಕಾಲುವೆಯ ಕಬ್ಬಿಣದ ಕಂಬಿಯ ತುಂಡನ್ನೂ ಹಾಗೆಯೇ ಉಳಿಸಿದ್ದಾರೆ. ಆ ಹೊಳಪಿನ ನಡುವೆ ಅದೊಂದು ಜಾಗ ಬರಿಯ ಬೀದಿ. ಸೋವಿಯತ್ ಕಾಲದಲ್ಲಿ ಉಗ್ರಾಣವಾಗಿದ್ದ ಈ ಚರ್ಚು, ದೀರ್ಘ ದುರಸ್ತಿಯ ನಂತರ 1997ರಲ್ಲಿ ಮತ್ತೆ ತೆರೆಯಿತು.

ಸೇಂಟ್ ಐಸಾಕ್ ಬೇರೆಯೇ ಬಗೆಯದು, ಗಾತ್ರದಿಂದಲೇ ಮಾತು ನಿಲ್ಲಿಸುತ್ತದೆ. ಮೊಂಫೆರಾನ್ ಎಂಬ ಫ್ರೆಂಚ್ ವಾಸ್ತುಶಿಲ್ಪಿ 1818ರಲ್ಲಿ ಶುರುಮಾಡಿದ್ದು ಮುಗಿದದ್ದು 1858ರಲ್ಲಿ. ಎತ್ತರ 101.5 ಮೀಟರ್. ಹೊರಗಿನ ಕೆಂಪು ಗ್ರಾನೈಟ್ ಕಂಬಗಳನ್ನು ಮಕ್ಕಳು ಕೈ ಚಾಚಿ ಅಪ್ಪಿಕೊಳ್ಳಲಿ, ಒಂದೊಂದೂ ಒಂದೇ ಕಲ್ಲಿನದು, ನೂರು ಟನ್ನಿಗೂ ಹೆಚ್ಚು ತೂಕ. ಒಳಗೆ ಹಸಿರು ಮ್ಯಾಲಕೈಟ್ ಕಂಬಗಳು, ಗಾಢ ನೀಲಿಯ ಲ್ಯಾಪಿಸ್ ಕಂಬಗಳು. ಮುತ್ತಿಗೆಯ ಕಾಲದಲ್ಲಿ ಶತ್ರು ವಿಮಾನಗಳಿಗೆ ಕಾಣದಿರಲೆಂದು ಬಂಗಾರದ ಗುಮ್ಮಟಕ್ಕೆ ಬೂದು ಬಣ್ಣ ಬಳಿದಿದ್ದರು. ಮೇಲಿನ ಕಂಬಸಾಲಿಗೆ ಹತ್ತಲು ಬೇರೆ ಟಿಕೆಟ್, 262 ಮೆಟ್ಟಿಲು, ಸುರುಳಿಯಾಗಿ. ಮಂಡಿನೋವಿನವರು ಹತ್ತುವುದು ಬೇಡ. ಒಬ್ಬರು ಕೆಳಗೆ ಅವರ ಜೊತೆ ಕೂತರೆ ಸಾಕು.

ಖಾಲಿ ಗುರುವಾರಕ್ಕೆ ಹೇಳಿದ ರಷ್ಯನ್ ಮ್ಯೂಸಿಯಂ ಇರುವುದು ಮಿಖೈಲೊವ್‌ಸ್ಕಿ ಅರಮನೆಯಲ್ಲಿ, ರಕ್ಷಕನ ಚರ್ಚಿನ ಪಕ್ಕದಲ್ಲೇ. ಬೆಂಗಳೂರಿನವರು ಇಲ್ಲಿ ನಿಕೊಲಾಯ್ ರೋರಿಕ್ ಚಿತ್ರಗಳನ್ನು ಕೇಳಿ ನೋಡಬೇಕು. ಇವರ ಮಗ ಸ್ವೆತೊಸ್ಲಾವ್ ರೋರಿಕ್ ಹುಟ್ಟಿದ್ದು 1904ರಲ್ಲಿ ಇದೇ ಊರಿನಲ್ಲಿ, ದೇವಿಕಾ ರಾಣಿಯವರೊಂದಿಗೆ ಬಾಳಿದ್ದು ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಚಿತ್ರಗಳಿವೆ. ಹೊರಡುವ ಮುನ್ನ ಒಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ.

ಮಾಸ್ಕೋಗೆ ಎರಡೋ ಮೂರೋ ದಿನ

ಕ್ರೆಮ್ಲಿನ್‌ನಲ್ಲಿ ಮೂರು ಬೇರೆ ಬೇರೆ ಟಿಕೆಟ್: ಕೆಥೆಡ್ರಲ್ ಚೌಕಕ್ಕೆ ಒಂದು, ಶಸ್ತ್ರಾಗಾರಕ್ಕೆ ಒಂದು, ವಜ್ರ ನಿಧಿಗೆ ಒಂದು. ಶಸ್ತ್ರಾಗಾರಕ್ಕೆ ನಿಗದಿತ ಹೊತ್ತುಗಳಲ್ಲಿ ಮಾತ್ರ ಬಿಡುತ್ತಾರೆ. ಅಲ್ಲಿ ಬಾಲರಾಜರಾದ ಇವಾನ್ ಮತ್ತು ಪೀಟರ್ ಒಟ್ಟಿಗೆ ಕೂರುತ್ತಿದ್ದ ಬೆಳ್ಳಿಯ ಜೋಡಿ ಸಿಂಹಾಸನವಿದೆ. ಅದರ ಬೆನ್ನಿಗೊಂದು ಕಿಂಡಿ, ಏನು ಹೇಳಬೇಕೆಂದು ಹಿಂದಿನಿಂದ ಪಿಸುಗುಟ್ಟಲು. ಫಾಬರ್ಜೆ ಎಂಬ ಅಕ್ಕಸಾಲಿಗ ರಾಜಮನೆತನಕ್ಕೆ ಮಾಡಿಕೊಟ್ಟ ರತ್ನದ ಮೊಟ್ಟೆಗಳಿಗಿಂತ ಮಕ್ಕಳಿಗೆ ಇದೇ ಇಷ್ಟವಾಗುತ್ತದೆ.

ನಮ್ಮವರು ತಪ್ಪಿಸಿಕೊಳ್ಳಬಾರದ್ದು ವಜ್ರ ನಿಧಿ. ಕ್ಯಾಥರೀನ್‌ಳ ರಾಜದಂಡದಲ್ಲಿರುವ ಸುಮಾರು 190 ಕ್ಯಾರಟ್‌ನ ಓರ್ಲೊವ್ ವಜ್ರ ಭಾರತದ್ದು. ಶ್ರೀರಂಗದ ದೇವರ ಕಣ್ಣಿನಿಂದ ಕದ್ದದ್ದು ಎಂಬ ಕಥೆ ಪ್ರಚಲಿತವಿದೆ, ಕಥೆಯೆಂದೇ ಮಕ್ಕಳಿಗೆ ಹೇಳಿ. ಶಾ ವಜ್ರದ ಚರಿತ್ರೆಗಾದರೆ ಕಲ್ಲಿನ ಮೇಲೇ ಸಾಕ್ಷಿಯಿದೆ. ಅಹಮದ್‌ನಗರದ ಬುರ್ಹಾನ್ ನಿಜಾಂ ಶಾ, ಶಾಜಹಾನ್, ಇರಾನಿನ ಫತ್ ಅಲಿ ಶಾ, ಮೂವರ ಹೆಸರನ್ನೂ ವಜ್ರದ ಮೇಲೆ ಕೊರೆದಿದ್ದಾರೆ. ತೆಹರಾನ್‌ನಲ್ಲಿ ರಷ್ಯಾದ ರಾಯಭಾರಿ ಗ್ರಿಬೊಯೆದೊವ್ ಕೊಲೆಯಾದ ಮೇಲೆ, 1829ರಲ್ಲಿ ಇದು ರಷ್ಯಾದ ದೊರೆಗೆ ಬಂತು.

ಕೆಂಪು ಚೌಕದ ಸೇಂಟ್ ಬೆಸಿಲ್ (1555–61) ಹೊರಗೆ ಎಷ್ಟು ಅದ್ದೂರಿಯೋ ಒಳಗೆ ಅಷ್ಟು ಇಕ್ಕಟ್ಟು. ಚಿಕ್ಕ ಚಿಕ್ಕ ಗುಡಿಗಳು, ಕಡಿದಾದ ಮೆಟ್ಟಿಲು, ಹೂಬಳ್ಳಿ ಬರೆದ ಓಣಿಗಳು. ಅರಮನೆಗಳ ನಂತರ ಇದು ಕಣ್ಣಿಗೆ ಹಿತ. ಸಂಜೆ ಮೆಟ್ರೊದಲ್ಲೇ ಒಂದು ಸುತ್ತು ಹೊಡೆಯಿರಿ: ಕೊಮ್‌ಸೊಮೊಲ್‌ಸ್ಕಾಯಾ, ನೊವೊಸ್ಲೊಬೊದ್‌ಸ್ಕಾಯಾ, ಆಮೇಲೆ ಪ್ಲೋಶ್ಚಾದ್ ರೆವೊಲ್ಯುತ್ಸಿಯಿಯ ಕಂಚಿನ ನಾಯಿ. ಅದರ ಮೂಗನ್ನು ಸವರಿ ಸವರಿ ಜನ ಹೊಳಪೇರಿಸಿದ್ದಾರೆ.

ಇನ್ನೊಂದು ದಿನ ಉಳಿದರೆ 70 ಕಿಲೋಮೀಟರ್ ದೂರದ ಸೆರ್ಗಿಯೆವ್ ಪೊಸಾದ್ ಮಠಕ್ಕೆ ಹೋಗಿ. ಹದಿನೈದನೇ ಶತಮಾನದಲ್ಲಿ ಬೀದರ್‌ಗೆ ಬಂದು ಬಹಮನಿ ಸುಲ್ತಾನರ ವೈಭವವನ್ನು ಬರೆದಿಟ್ಟ ವ್ಯಾಪಾರಿ ಅಫನಾಸಿ ನಿಕಿತಿನ್‌ನ ಬರಹವನ್ನು ಇತಿಹಾಸಕಾರ ಕರಮ್ಜಿನ್ ಪತ್ತೆಹಚ್ಚಿದ್ದು ಈ ಮಠದಲ್ಲಿ.

ಊಟ

ಸಸ್ಯಾಹಾರಿಗಳು ಹೆದರಬೇಕಿಲ್ಲ, ಕೇಳಿ ತಿನ್ನಬೇಕು ಅಷ್ಟೆ. 'ಸ್ತೊಲೊವಾಯಾ' ಎಂಬ ಕ್ಯಾಂಟೀನುಗಳಲ್ಲಿ ಪಾತ್ರೆಗಳನ್ನು ಕಣ್ಣಿಂದ ನೋಡಿ ಆರಿಸಬಹುದು. ಆಲೂಗಡ್ಡೆ ತುಂಬಿದ ವರೆನಿಕಿ ಎಂಬ ಕಡುಬು, ಎಲೆಕೋಸು ತುಂಬಿದ ಪಿರೊಷ್ಕಿ ಎಂಬ ಬನ್ನು, ಗ್ರೆಚ್ಕಾ ಎಂಬ ಬಕ್‌ವೀಟ್ ಧಾನ್ಯದ ಅನ್ನ, ಜಾಮ್ ಹಚ್ಚಿದ ಬ್ಲಿನಿ ಎಂಬ ತೆಳು ದೋಸೆ ಇವೆಲ್ಲ ಸಿಗುತ್ತವೆ. ಬೋರ್ಷ್ ಸೂಪ್ ಬೀಟ್‌ರೂಟ್‌ನದಾದರೂ ಬಹಳ ಕಡೆ ದನದ ಮಾಂಸದ ನೀರಿನಲ್ಲೇ ಮಾಡುತ್ತಾರೆ. "ಬೆಜ್ ಮ್ಯಾಸಾ" ಅಂದರೆ ಮಾಂಸವಿಲ್ಲದ್ದು. "ಪೋಸ್ತ್‌ನೊಯೆ ಮೆನ್ಯು" ಎಂದು ಕೇಳಿದರೆ ಅವರ ಉಪವಾಸದ ದಿನಗಳ ಅಡುಗೆ, ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಮೂರೂ ಇರುವುದಿಲ್ಲ. ಮೀನು ಇರಬಹುದು, ಅದನ್ನು ಬೇರೆಯಾಗಿ ಕೇಳಿ. ಮೊಸರು ಬೇಕೆನಿಸಿದವರಿಗೆ ಕೆಫೀರ್ ಎಲ್ಲ ಅಂಗಡಿಗಳಲ್ಲೂ ಇದೆ. ಅವಲಕ್ಕಿ, ಚಟ್ನಿಪುಡಿ, ಒಂದು ಚಿಕ್ಕ ಕೆಟಲ್ ಮನೆಯಿಂದ ಒಯ್ದರೆ ರಾತ್ರಿಯೂಟದ ಚಿಂತೆ ಇಲ್ಲ.

ಕೊಳ್ಳುವಾಗ, ಹೊರಡುವಾಗ

ಅಂಬರ್ ಸರವನ್ನು ಬೀದಿಬದಿಯಲ್ಲಿ ಕೊಳ್ಳಬೇಡಿ, ಪ್ಲಾಸ್ಟಿಕ್ ಬಹಳ. ಅಂಗಡಿಯಲ್ಲಿ ಬಿಲ್ಲು ಸಮೇತ ಕೊಳ್ಳಿ. ಹಳೆಯ ಸಂತಚಿತ್ರ, ಹಳೆಯ ಸಮೋವರ್ (ಚಹಾಕ್ಕೆ ನೀರು ಕಾಯಿಸುವ ಪಾತ್ರೆ), ಪದಕ ಇಂಥವನ್ನು ದೇಶದ ಹೊರಗೆ ಒಯ್ಯಲು ಸಂಸ್ಕೃತಿ ಇಲಾಖೆಯ ಅನುಮತಿ ಬೇಕು. ಅಂಗಡಿಯವರು ಬೇಡವೆಂದರೂ ನಂಬಬೇಡಿ. ಹೊಸದಾಗಿ ಬರೆದ ಚಿತ್ರ, ಮರದ ಬೊಂಬೆಗಳಿಗೆ ತೊಂದರೆಯಿಲ್ಲ, ಬಿಲ್ಲು ಕೈಚೀಲದಲ್ಲಿರಲಿ. ಉಳಿದ ರೂಬಲ್‌ಗಳನ್ನು ಊರಿಗೆ ತಂದರೆ ಬದಲಿಸಿಕೊಡುವವರು ಸಿಗುವುದು ಕಷ್ಟ, ಹೊರಡುವ ಹಿಂದಿನ ದಿನವೇ ಬ್ಯಾಂಕಿನಲ್ಲಿ ಡಾಲರ್ ಮಾಡಿಸಿಕೊಳ್ಳಿ. ವಿಮಾನ ತಡವಾದರೆ ಇರಲಿ ಎಂದು ಒಂದು ರಾತ್ರಿಯ ಹೋಟೆಲ್ ಮತ್ತು ಊಟಕ್ಕೆ ಸಾಕಾಗುವಷ್ಟನ್ನು ಮಾತ್ರ ಕೈಯಲ್ಲಿಟ್ಟುಕೊಂಡು ನಿಲ್ದಾಣಕ್ಕೆ ಹೊರಡಿ.